ಲಾಟರಿ ಎತ್ತಿ ಕೊಟ್ಟ ತರಬೇತಿ: ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ವಿಶ್ವವಿದ್ಯಾಲಯ–ಉದ್ಯಮ ಸಂಶೋಧನೆಯ ಒಂದು ಪ್ರಕರಣ

ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಪ್ರತಿಯೊಬ್ಬ ಟೈಲರ್‌ನ ದಿನವೂ ನಿಮಿಷಗಳ ಲೆಕ್ಕದಲ್ಲಿ ದಾಖಲಾಗುತ್ತದೆ. ಒಂದು ಶರ್ಟನ್ನು ಯಾರೂ ಪೂರ್ತಿಯಾಗಿ ಹೊಲಿಯುವುದಿಲ್ಲ. ಒಬ್ಬರು ಕಾಲರ್ ಕೂಡಿಸುತ್ತಾರೆ, ಮತ್ತೊಬ್ಬರು ಕಫ್ ಹಚ್ಚುತ್ತಾರೆ, ಇನ್ನೊಬ್ಬರು ಗುಂಡಿ ಹೊಲಿಯುತ್ತಾರೆ, ಬಟ್ಟೆಯ ಬಂಡಲ್ ಯಂತ್ರದಿಂದ ಯಂತ್ರಕ್ಕೆ ಸರಿಯುತ್ತ ಲೈನಿನ ಕೊನೆಯಲ್ಲಿ ಚೆಕರ್ ಕೈಗೆ ಸೇರುತ್ತದೆ. ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಸಾಕು ಎಂದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗ ಮೊದಲೇ ನಿಗದಿ ಮಾಡಿರುತ್ತದೆ. ಅದನ್ನು ಕಾರ್ಖಾನೆಯ ಮಾತಿನಲ್ಲಿ ‘ಎಸ್‌ಎಎಂ’ ಎನ್ನುತ್ತಾರೆ. ಆ ಲೆಕ್ಕದ ಪ್ರಕಾರ ಎಷ್ಟು ಪೀಸ್ ಬರಬೇಕಿತ್ತು, ನಿಜವಾಗಿ ಎಷ್ಟು ಬಂತು ಎಂಬುದರ ಅನುಪಾತವೇ ಆ ಟೈಲರ್‌ನ ‘ಎಫಿಷಿಯೆನ್ಸಿ’. ಟಾರ್ಗೆಟ್ ಮುಟ್ಟದ ದಿನ ಸೂಪರ್‌ವೈಸರ್ ಬೈಯುವುದು ಇದೇ ಅಂಕಿಯನ್ನು ಹಿಡಿದು. ಆದರೆ ಈ ಅಂಕಿಗೆ ಇನ್ನೊಂದು ಮುಖವೂ ಇದೆ. ಕಚೇರಿ ಕೆಲಸದಲ್ಲಿ ಒಬ್ಬ ನೌಕರನ ಉತ್ಪಾದಕತೆಯನ್ನು ಅಳೆಯಲು ಹೆಣಗಾಡುವ ಮಾನವ ಸಂಪನ್ಮೂಲ ಸಂಶೋಧಕನಿಗೆ, ಸಾವಿರಾರು ಜನರ ದಿನದಿನದ ದುಡಿಮೆ ಒಂದೇ ಅಳತೆಗೋಲಿನಲ್ಲಿ ಬರೆದಿಟ್ಟ ದಫ್ತರವೊಂದು ಸಿಕ್ಕರೆ ಅದಕ್ಕಿಂತ ದೊಡ್ಡ ನಿಧಿ ಮತ್ತೊಂದಿಲ್ಲ.

ಅಂಥ ದಫ್ತರ ವಿಶ್ವವಿದ್ಯಾಲಯದವರ ಕೈಗೆ ಹೇಗೆ ಬಂತು, ಬಂದ ಮೇಲೆ ಏನಾಯಿತು, ಅದರಲ್ಲಿ ಯಾರಿಗೆ ಏನು ದಕ್ಕಿತು ಎಂಬುದೇ ಈ ಪ್ರಕರಣದ ವಸ್ತು.

ಸನ್ನಿವೇಶ

ಶಾಹಿ ಎಕ್ಸ್‌ಪೋರ್ಟ್ಸ್ ಭಾರತದ ಅತಿ ದೊಡ್ಡ ಸಿದ್ಧ ಉಡುಪು ರಫ್ತು ಕಂಪನಿಗಳಲ್ಲಿ ಒಂದು. 1974ರಲ್ಲಿ ಸರಳಾ ಅಹುಜಾ ಅವರು ದೆಹಲಿಯಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿದ ಈ ಉದ್ಯಮದ ಕಾರ್ಮಿಕರ ಸಂಖ್ಯೆ ಈಗ ಲಕ್ಷವನ್ನು ದಾಟಿದೆ; ಅದರ ಕಾರ್ಖಾನೆಗಳ ದೊಡ್ಡ ಪಾಲು ಇರುವುದು ಕರ್ನಾಟಕದಲ್ಲಿ. ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಈ ಕಂಪನಿಯಿಂದ ಉಡುಪು ಕೊಳ್ಳುವ ಅಮೆರಿಕದ ಗ್ಯಾಪ್ ಸಂಸ್ಥೆ 2007ರಲ್ಲಿ ‘ಪೇಸ್’ ಎಂಬ ತರಬೇತಿ ಕಾರ್ಯಕ್ರಮವನ್ನು ರೂಪಿಸಿತು. ಅದರ ಪಠ್ಯ ಸಿದ್ಧಪಡಿಸುವಲ್ಲಿ ಮಹಿಳೆಯರ ಕುರಿತು ಸಂಶೋಧನೆ ಮಾಡುವ ಅಂತರರಾಷ್ಟ್ರೀಯ ಕೇಂದ್ರವೊಂದರ ಜೊತೆಗೆ ಬೆಂಗಳೂರಿನ ‘ಸ್ವಸ್ತಿ’ ಸಂಸ್ಥೆಯೂ ಕೈಜೋಡಿಸಿತ್ತು. ಸಂವಹನ, ಸಮಸ್ಯೆ ಬಿಡಿಸುವುದು ಮತ್ತು ನಿರ್ಧಾರ ಕೈಗೊಳ್ಳುವುದು, ಸಮಯ ಮತ್ತು ಒತ್ತಡದ ನಿರ್ವಹಣೆ, ಹಣಕಾಸಿನ ತಿಳಿವಳಿಕೆ, ಆರೋಗ್ಯ, ಕಾನೂನಿನ ಅರಿವು ಮುಂತಾದ ಪಾಠಗಳು ಅದರಲ್ಲಿದ್ದವು. ಹೊಲಿಗೆಗೆ ನೇರವಾಗಿ ಸಂಬಂಧಿಸಿದ್ದು ಒಂದೂ ಇರಲಿಲ್ಲ ಎನ್ನಬಹುದು.

ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಪುಸ್ತಿಕೆಯಲ್ಲಿ ಒಂದು ನಗುಮುಖದ ಫೋಟೋ ಆಗಿ ಮುಗಿಯುತ್ತವೆ. ತರಬೇತಿ ಪಡೆದವರ ಅನಿಸಿಕೆ ಕೇಳಿ, ಶೇಕಡಾ ಇಷ್ಟು ಮಂದಿಗೆ ಆತ್ಮವಿಶ್ವಾಸ ಹೆಚ್ಚಿತು ಎಂದು ಬರೆದರೆ ಕೊಳ್ಳುವವರಿಗೂ ಸಮಾಧಾನ, ಮಾರುವವರಿಗೂ ಸಮಾಧಾನ. ಇಲ್ಲಿ ಹಾಗಾಗಲಿಲ್ಲ. ಕಂಪನಿಯ ಕುಟುಂಬದ ಅನಂತ್ ಅಹುಜಾ ಮತ್ತು ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ್ ನ್ಯಶಾಧಮ್ ಅವರ ನಡುವೆ ಬೆಳೆದ ಸಂಪರ್ಕದಿಂದ, ಈ ತರಬೇತಿಯಿಂದ ಕಾರ್ಖಾನೆಗೆ ನಿಜವಾಗಿ ಏನಾಗುತ್ತದೆ ಎಂದು ಅಳೆಯುವ ಯೋಜನೆ ಹುಟ್ಟಿತು. ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ ಈ ಇಬ್ಬರು ಮುಂದೆ ಮಿಷಿಗನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ ಅಧ್ಯಾಪಕರಾದರು. ಎಂಐಟಿಯ ನಮ್ರತಾ ಕಾಲಾ ಅವರೂ ಸಂಶೋಧನೆಯಲ್ಲಿ ಸೇರಿಕೊಂಡರು.

ಕಂಪನಿ ಕೈಬಿಟ್ಟ ಅಧಿಕಾರ

ಸಹಭಾಗಿತ್ವ ಎಂಬ ಮಾತು ನಮ್ಮಲ್ಲಿ ಸವೆದುಹೋಗಿದೆ. ವಿಶ್ವವಿದ್ಯಾಲಯದ ಕುಲಪತಿ ಮತ್ತು ಕಂಪನಿಯ ಉಪಾಧ್ಯಕ್ಷರು ಒಡಂಬಡಿಕೆ ಪತ್ರವನ್ನು ಎದೆಯೆತ್ತರಕ್ಕೆ ಹಿಡಿದು ನಿಂತ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬಂದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಎಂಬಿಎ ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿ ಐದು ಹಂತದ ಉತ್ತರಗಳ ಪ್ರಶ್ನಾವಳಿ ಹಿಡಿದು ಎಚ್‌ಆರ್ ಕಚೇರಿಗೆ ಹೋಗಿ, ಅಲ್ಲಿನವರೇ ತುಂಬಿಸಿಕೊಟ್ಟ ಐವತ್ತೋ ನೂರೋ ಹಾಳೆಗಳನ್ನು ತಂದು, ‘ಕಾರ್ಮಿಕರು ಬಹುಪಾಲು ತೃಪ್ತರಾಗಿದ್ದಾರೆ’ ಎಂದು ಬರೆಯುವುದರಲ್ಲಿ ಮುಗಿಯುತ್ತದೆ. ಅಂಥ ಸಂಬಂಧದಲ್ಲಿ ಕಂಪನಿ ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ.

ಈ ಪ್ರಕರಣದಲ್ಲಿ ಕಂಪನಿ ಬಿಟ್ಟುಕೊಟ್ಟದ್ದು ಬಹಳ ನಿರ್ದಿಷ್ಟವಾದ ಒಂದು ಅಧಿಕಾರವನ್ನು, ಎಂದರೆ ಯಾರಿಗೆ ತರಬೇತಿ ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು. ಸಾಮಾನ್ಯವಾಗಿ ಅದು ಸೂಪರ್‌ವೈಸರ್ ಅಥವಾ ಫ್ಲೋರ್ ಇನ್‌ಚಾರ್ಜ್ ಕೈಯಲ್ಲಿರುತ್ತದೆ, ಮತ್ತು ಅವರು ಆರಿಸುವುದು ಮೊದಲೇ ಚುರುಕಾಗಿರುವ, ಎದುರುತ್ತರ ಕೊಡದ ಹೆಣ್ಣುಮಕ್ಕಳನ್ನು. ಹಾಗೆ ಆರಿಸಿದವರು ಆಮೇಲೆ ಚೆನ್ನಾಗಿ ದುಡಿದರೆ ಅದು ತರಬೇತಿಯ ಫಲವೋ ಮೊದಲಿನಿಂದ ಇದ್ದ ಚುರುಕೋ ಹೇಳಲಾಗದು. ಆದ್ದರಿಂದ 2013ರಲ್ಲಿ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಆಸಕ್ತಿ ಇದ್ದವರು ಹೆಸರು ಬರೆಸುವಂತೆ ಹೇಳಿ, ಹಾಗೆ ಬರೆಸಿದ ಸುಮಾರು 2,700 ಮಹಿಳೆಯರಲ್ಲಿ ಯಾರಿಗೆ ಅವಕಾಶ ಎಂಬುದನ್ನು ಲಾಟರಿಗೆ ಬಿಡಲಾಯಿತು. ಲಾಟರಿಯೂ ಎರಡು ಹಂತದ್ದು. ಮೊದಲು ಲೈನುಗಳನ್ನೇ ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು; ನಂತರ, ತರಬೇತಿ ಸಿಗುವ ಲೈನುಗಳೊಳಗೆ ಮತ್ತೆ ಚೀಟಿ ಎತ್ತಿ ಕೆಲವರನ್ನು ಸೇರಿಸಿ ಕೆಲವರನ್ನು ಬಿಟ್ಟರು. ಕೊನೆಗೆ ಸುಮಾರು ಸಾವಿರದಷ್ಟು ಮಂದಿಗೆ ತರಬೇತಿ ಸಿಕ್ಕಿತು.

ಎರಡನೆಯ ಹಂತ ಏಕೆ ಬೇಕಾಯಿತು ಎಂಬುದನ್ನು ತುಸು ವಿವರಿಸಬೇಕು, ಏಕೆಂದರೆ ಈ ಅಧ್ಯಯನದ ಜಾಣ್ಮೆ ಇರುವುದೇ ಅಲ್ಲಿ. ಲೈನಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಾಗಿಕೊಂಡಿರುತ್ತದೆ. ಕಾಲರ್ ಹಚ್ಚುವವರು ನಿಂತರೆ ಮುಂದಿನ ನಾಲ್ವರು ಕೈಕಟ್ಟಿ ಕೂರಬೇಕು, ಹಿಂದೆ ಬಂಡಲ್ ರಾಶಿ ಬೀಳುತ್ತದೆ. ಹೀಗಿರುವಾಗ ತರಬೇತಿ ಪಡೆದ ಮಹಿಳೆ ಪಕ್ಕದವಳಿಗೆ ಸಮಯಕ್ಕೆ ಮಾತು ತಿಳಿಸಿ ತೊಡಕು ಬಿಡಿಸಿದರೆ, ತರಬೇತಿ ಪಡೆಯದ ಪಕ್ಕದವಳ ಎಫಿಷಿಯೆನ್ಸಿಯೂ ಏರಬಹುದು. ಒಂದೇ ಲೈನಿನ ಇಬ್ಬರನ್ನು ಹೋಲಿಸಿದರೆ ಈ ಏರಿಕೆ ಕಣ್ಣಿಗೆ ಬೀಳುವುದಿಲ್ಲ, ತರಬೇತಿಯ ಫಲ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ತರಬೇತಿಯ ಸೋಂಕೇ ಇಲ್ಲದ ಲೈನುಗಳನ್ನು ಬೇರೆ ಇಟ್ಟುಕೊಂಡಿದ್ದರಿಂದ ಮೂರು ಬಗೆಯ ಮಹಿಳೆಯರನ್ನು ಪರಸ್ಪರ ಹೋಲಿಸಲು ಸಾಧ್ಯವಾಯಿತು: ಕಲಿತವರು, ಕಲಿತವರ ಪಕ್ಕ ಕೂತವರು, ಇವೆರಡೂ ಅಲ್ಲದವರು.

ವಾರಕ್ಕೆ ಸುಮಾರು ಎರಡು ಗಂಟೆಯಂತೆ, ಒಂದು ವರ್ಷಕ್ಕೆ ತುಸು ಕಡಿಮೆ ಅವಧಿಯಲ್ಲಿ, ಒಟ್ಟು 80 ಗಂಟೆಗಳಷ್ಟು ತರಗತಿ ನಡೆಯಿತು. ಶಿಪ್‌ಮೆಂಟ್ ಹತ್ತಿರ ಬಂದಾಗ ಒಂದು ಗಂಟೆಯ ಪ್ರೊಡಕ್ಷನ್ ಎಂದರೇನು ಎಂಬುದು ಫ್ಲೋರಿನಲ್ಲಿ ನಿಂತವರಿಗೆ ಗೊತ್ತು. ಲೈನಿನಿಂದ ಇಬ್ಬರು ಮೂವರನ್ನು ಎಬ್ಬಿಸಿ ಪಾಠಕ್ಕೆ ಕಳಿಸಲು ಪ್ರೊಡಕ್ಷನ್ ಮ್ಯಾನೇಜರನ್ನು ಒಪ್ಪಿಸುವುದು, ಸಂಶೋಧಕ ಅಮೆರಿಕದಲ್ಲಿ ಕೂತು ಮಾಡಬಹುದಾದ ಕೆಲಸವಲ್ಲ. ಆಡಳಿತ ಮಂಡಳಿಯ ಮಟ್ಟದಲ್ಲಿ ಒತ್ತಾಸೆ ಇಲ್ಲದಿದ್ದರೆ ಇಂಥ ಅಧ್ಯಯನಗಳು ಎರಡನೆಯ ತಿಂಗಳಿಗೇ ಕುಸಿಯುತ್ತವೆ.

ಹೊರಬಿದ್ದ ಅಂಕಿಗಳು

2018ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಬ್ಯೂರೋದ ಕರಡು ಪ್ರಬಂಧವಾಗಿ ಫಲಿತಾಂಶ ಹೊರಬಂತು. ತರಬೇತಿ ಮುಗಿದ ಮೇಲೆ ಕಲಿತವರ ಉತ್ಪಾದಕತೆ ಹೋಲಿಕೆ ಗುಂಪಿನವರಿಗಿಂತ ಶೇ 20ರಷ್ಟು ಹೆಚ್ಚಿತ್ತು. ಮುಂದಿನ ಪರಿಷ್ಕರಣೆಯಲ್ಲಿ ಈ ಅಂಕಿ ಶೇ 13.5ಕ್ಕೆ ಇಳಿಯಿತು, 2023ರಲ್ಲಿ ಅಧ್ಯಯನವು ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ಯಲ್ಲಿ ಪ್ರಕಟವಾಯಿತು. ವಿಮರ್ಶಕರ ಕೈಗೆ ಸಿಕ್ಕ ಅಂಕಿ ತಗ್ಗಿದ್ದು ಅಧ್ಯಯನದ ದೋಷವಲ್ಲ. ಕಂಪನಿಯೊಳಗಿನ ವರದಿಯಾಗಿದ್ದರೆ ಶೇ 20 ಎಂದೇ ಉಳಿದುಬಿಡುತ್ತಿತ್ತು, ಪ್ರಶ್ನಿಸುವವರೂ ಇರುತ್ತಿರಲಿಲ್ಲ. ಕಲಿತವರ ಪಕ್ಕ ಕೂತವರ ಉತ್ಪಾದಕತೆಯೂ ಏರಿತ್ತು. ಕಲಿತವರನ್ನು ಹೆಚ್ಚು ಕಷ್ಟದ ಹೊಲಿಗೆಗಳಿಗೆ ಹಾಕಲಾಗುತ್ತಿತ್ತು, ಅವರು ತಾವಾಗಿಯೇ ಹೊಸ ಕೌಶಲ ಕಲಿಸುವಂತೆ ಕೇಳುವುದು ಹೆಚ್ಚಿತ್ತು, ಮಕ್ಕಳ ಓದಿಗೆಂದು ಉಳಿತಾಯ ಮಾಡುವುದೂ ಹೆಚ್ಚಿತ್ತು. ತರಬೇತಿಗೆ ಹಾಕಿದ ಖರ್ಚನ್ನು ಕಳೆದು ಕಂಪನಿಗೆ ಬಂದ ನಿವ್ವಳ ಪ್ರತಿಫಲ, ಕಾರ್ಯಕ್ರಮ ಮುಗಿದ ಎಂಟು ತಿಂಗಳೊಳಗೆ ಶೇ 250ನ್ನು ಮೀರಿತ್ತು.

ಮತ್ತು ಕೂಲಿ? ಶೇ 0.5 ಏರಿತ್ತು.

ಈ ಒಂದು ಅಂಕಿಯ ಮುಂದೆ ನಿಲ್ಲದೆ ಹೋದರೆ ಪ್ರಕರಣವನ್ನು ಓದಿದಂತಾಗುವುದಿಲ್ಲ. ಮಾನವ ಸಂಪನ್ಮೂಲ ಪಠ್ಯಗಳಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರ ವಾದವನ್ನು ಎಲ್ಲರೂ ಓದಿರುತ್ತಾರೆ: ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುವ ಸಾಮಾನ್ಯ ಕೌಶಲವನ್ನು ಕಂಪನಿ ತನ್ನ ಖರ್ಚಿನಲ್ಲಿ ಕಲಿಸುವುದಿಲ್ಲ, ಏಕೆಂದರೆ ಕಲಿತ ನೌಕರ ಹೆಚ್ಚಿನ ಸಂಬಳ ಕೇಳುತ್ತಾನೆ, ಕೊಡದಿದ್ದರೆ ಪಕ್ಕದ ಕಂಪನಿಗೆ ಹೋಗುತ್ತಾನೆ. ಮಾತುಗಾರಿಕೆ, ಸಮಯಪಾಲನೆಗಿಂತ ಸಾಮಾನ್ಯವಾದ ಕೌಶಲ ಇನ್ನಾವುದು? ಆದರೂ ಇಲ್ಲಿ ಕಂಪನಿ ಕಲಿಸಿತು, ಮಹಿಳೆಯರು ಹೆಚ್ಚು ದುಡಿದರು, ಸಂಬಳ ಹೆಚ್ಚುಕಡಿಮೆ ಅಲ್ಲೇ ನಿಂತಿತು, ಕಲಿತವರು ಬೇರೆಯವರಿಗಿಂತ ಹೆಚ್ಚಾಗಿ ಕೆಲಸ ಬಿಡಲೂ ಇಲ್ಲ, ಹೆಚ್ಚಾಗಿ ಉಳಿದುಕೊಳ್ಳಲೂ ಇಲ್ಲ. ದುಡಿಮೆಯ ಬೆಲೆಗೂ ಕೂಲಿಗೂ ನಡುವೆ ದೊಡ್ಡ ಅಂತರವನ್ನು ಉಳಿಸುವಷ್ಟು ತೊಡಕುಗಳು ಈ ಕಾರ್ಮಿಕ ಮಾರುಕಟ್ಟೆಯಲ್ಲಿವೆ ಎಂದು ಸಂಶೋಧಕರು ಅರ್ಥಶಾಸ್ತ್ರದ ಎಚ್ಚರದ ಭಾಷೆಯಲ್ಲಿ ಬರೆದರು. ಬೆಂಗಳೂರಿನ ಗಾರ್ಮೆಂಟ್ಸ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕೂಲಿ ಸರ್ಕಾರದ ಕನಿಷ್ಠ ವೇತನದ ಅಂಚಿಗೆ ಅಂಟಿಕೊಂಡಿರುತ್ತದೆ, ಏಪ್ರಿಲ್ ಬಂದಾಗ ತುಟ್ಟಿಭತ್ಯೆಯಷ್ಟು ಏರುತ್ತದೆ. ‘ನಾನು ಈಗ ತೊಡಕು ಬಿಡಿಸಬಲ್ಲೆ, ತಂಡವನ್ನು ಹೊಂದಿಸಬಲ್ಲೆ’ ಎಂದು ಹೇಳಿಕೊಂಡು ಪಕ್ಕದ ಕಾರ್ಖಾನೆಯಲ್ಲಿ ಐನೂರು ರೂಪಾಯಿ ಹೆಚ್ಚಿಗೆ ಕೇಳುವ ಪರಿಪಾಠವಿಲ್ಲ. ಹೊಸ ಕಾರ್ಖಾನೆಯವರು ನೋಡುವುದು ಯಾವ ಯಂತ್ರದ ಮೇಲೆ ಕೈ ಪಳಗಿದೆ ಎಂಬುದನ್ನು.

ನನ್ನ ದೃಷ್ಟಿಯಲ್ಲಿ ಈ ಸಹಭಾಗಿತ್ವದ ನಿಜವಾದ ಬೆಲೆ ಶೇ 250ರ ಅಂಕಿಯಲ್ಲಿ ಇಲ್ಲ. ತನಗೆ ಅನುಕೂಲವಾದ ಆ ಅಂಕಿಯ ಪಕ್ಕದಲ್ಲೇ, ಅದೇ ಸಾರಾಂಶದಲ್ಲಿ, ಶೇ 0.5ರ ಅಂಕಿಯೂ ಅಡ್ಡಿಯಿಲ್ಲದೆ ಅಚ್ಚಾಯಿತು ಎಂಬುದರಲ್ಲಿ ಇದೆ. ಪ್ರಕಟಣೆಗೆ ಮುನ್ನ ಅನುಮತಿ ಬೇಕು ಎಂಬ ಒಂದು ಸಾಲನ್ನು ಕಂಪನಿಯ ಕಾನೂನು ವಿಭಾಗ ಸೇರಿಸಿದರೆ ಸಾಕು, ಇಂಥ ಅಂಕಿ ಎಂದೂ ಹೊರಬರುವುದಿಲ್ಲ.

ಮುಂದುವರಿದ ಕೆಲಸ

ಒಮ್ಮೆ ದಫ್ತರ ತೆರೆದ ಮೇಲೆ ಅದರಿಂದ ಬೇರೆ ಬೇರೆ ಪ್ರಶ್ನೆಗಳೂ ಹುಟ್ಟಿದವು. ಕಂಪನಿ ತನ್ನ ಕಾರ್ಖಾನೆಗಳಲ್ಲಿ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದ್ದು ವಿದ್ಯುತ್ ಉಳಿಸಲು. ಹವಾಮಾನದ ಅಂಕಿಗಳನ್ನು ಲೈನಿನ ದಿನದಿನದ ಉತ್ಪಾದನೆಯ ಜೊತೆ ಇಟ್ಟು ನೋಡಿದಾಗ, ಎಲ್‌ಇಡಿ ಸೂಸುವ ಶಾಖ ಕಡಿಮೆಯಾದ್ದರಿಂದ ಬಿಸಿಲ ದಿನಗಳಲ್ಲಿ ಹೊಲಿಗೆಯ ವೇಗ ಕುಗ್ಗುವುದು ತಗ್ಗಿತ್ತು ಎಂದು ಕಂಡುಬಂತು. ಉತ್ಪಾದನೆಯ ಈ ಲಾಭವನ್ನೂ ಸೇರಿಸಿದರೆ ಹೂಡಿದ ಹಣ ಮರಳುವ ಅವಧಿ ಬಹಳಷ್ಟು ಇಳಿಯುತ್ತಿತ್ತು. ಮಾನವ ಸಂಪನ್ಮೂಲ ಸಂಶೋಧನೆಯ ಚರಿತ್ರೆ ಬಲ್ಲವರಿಗೆ ಇದರಲ್ಲೊಂದು ಸ್ವಾರಸ್ಯ ಕಂಡೀತು: ವಿದ್ವಾಂಸರು ಮತ್ತು ಕಾರ್ಖಾನೆ ಕೂಡಿ ನಡೆಸಿದ ಪ್ರಯೋಗಗಳಲ್ಲಿ ಅತಿ ಪ್ರಸಿದ್ಧವಾದದ್ದು, 1924ರಲ್ಲಿ ಶಿಕಾಗೋ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಶುರುವಾದದ್ದು, ಅದೂ ದೀಪಗಳಿಂದಲೇ. ಗಾಳಿಯ ಸೂಕ್ಷ್ಮ ಧೂಳು ಹೆಚ್ಚಿದ ದಿನ ಕಾರ್ಮಿಕರ ಕೆಲಸ ಹೇಗೆ ಕುಗ್ಗುತ್ತದೆ, ಗಮನವಿಟ್ಟು ನೋಡುವ ಸೂಪರ್‌ವೈಸರ್‌ಗಳು ಜನರನ್ನು ಅದಲುಬದಲು ಮಾಡಿ ನಷ್ಟವನ್ನು ಹೇಗೆ ತಗ್ಗಿಸುತ್ತಾರೆ ಎಂಬ ಇನ್ನೊಂದು ಅಧ್ಯಯನವೂ ಬಂತು.

ನನಗೆ ಹೆಚ್ಚು ಮುಖ್ಯವೆನಿಸುವುದು 2016ರ ಅಧ್ಯಯನ. ಆ ವರ್ಷದ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದದ್ದನ್ನು ವಿರೋಧಿಸಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದರು, ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತ್ತು. ಅದೇ ವರ್ಷದ ಮಧ್ಯಭಾಗದಲ್ಲಿ, ನಿರೀಕ್ಷಿಸಿದಷ್ಟು ವೇತನ ಏರದೆ ಕಾರ್ಮಿಕರು ನಿರಾಶರಾಗಿದ್ದ ಸಮಯದಲ್ಲಿ, ಸಂಶೋಧಕರು ಒಂದು ಗುಂಪಿಗೆ ಮಾತ್ರ ಹೆಸರು ಹೇಳದೆ ಅಭಿಪ್ರಾಯ ತಿಳಿಸುವ ಸಮೀಕ್ಷೆ ಕೊಟ್ಟರು: ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗಿದ್ದಾರೆ, ತೃಪ್ತಿ ಇದೆಯೆ. ಸಮೀಕ್ಷೆಗೆ ಉತ್ತರಿಸುವ ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾದವು, ಅತಿ ಹೆಚ್ಚು ನಿರಾಶರಾಗಿದ್ದವರಲ್ಲಂತೂ ಹೆಚ್ಚು ಸ್ಪಷ್ಟವಾಗಿ. ಇದನ್ನು ಎರಡು ರೀತಿಯಲ್ಲಿ ಓದಬಹುದು. ಕೇಳುವವರೊಬ್ಬರಿದ್ದಾರೆ ಎಂಬ ಭಾವನೆಗೆ ಬೆಲೆಯಿದೆ ಎಂಬುದು ಒಂದು. ಕೂಲಿ ಏರಿಸದೆಯೂ ಕಾಗದ ಪೆನ್ನು ಕೊಟ್ಟು ಜನರನ್ನು ಉಳಿಸಿಕೊಳ್ಳಬಹುದು ಎಂಬುದು ಇನ್ನೊಂದು. ಎಚ್‌ಆರ್ ವಿಭಾಗಗಳು ಯಾವ ಓದನ್ನು ಮನೆಗೆ ಒಯ್ಯುತ್ತವೆ ಎಂಬುದು ಸಂಶೋಧಕರ ಹಿಡಿತದಲ್ಲಿ ಇರುವುದಿಲ್ಲ.

2017ರಲ್ಲಿ ಅಧ್ವರ್ಯು, ನ್ಯಶಾಧಮ್ ಮತ್ತು ಅಹುಜಾ ಅವರು ಸೇರಿ ‘ಗುಡ್ ಬಿಸಿನೆಸ್ ಲ್ಯಾಬ್’ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಗೆ ಸ್ನೇಹದ ಮೇಲೆ ನಡೆಯುತ್ತಿದ್ದ ಸಂಬಂಧಕ್ಕೆ ಕಚೇರಿ, ಸಿಬ್ಬಂದಿ, ಹೊಸ ಕಂಪನಿಗಳನ್ನು ಸೇರಿಸಿಕೊಳ್ಳುವ ದಾರಿ ಎಲ್ಲವೂ ಬಂದವು. ಅಧ್ಯಯನಕ್ಕೆ ಒಳಗಾಗುವ ಕಂಪನಿಯ ಕುಟುಂಬದವರೇ ಅಧ್ಯಯನ ಸಂಸ್ಥೆಯ ಸ್ಥಾಪಕರಲ್ಲೂ ಒಬ್ಬರು ಎಂಬ ಸಂಗತಿಯೂ ಅದರ ಜೊತೆಯಲ್ಲೇ ಬಂತು.

ನಾಲ್ಕು ತಿಂಗಳ ಅಂತರದ ಎರಡು ದಾಖಲೆಗಳು

ಕರಡು ಪ್ರಬಂಧ ಹೊರಬಂದ ನಾಲ್ಕು ತಿಂಗಳಿಗೆ, 2018ರ ಜೂನ್‌ನಲ್ಲಿ, ಇದೇ ಕಂಪನಿಯ ಕುರಿತು ಇನ್ನೊಂದು ದಾಖಲೆ ಪ್ರಕಟವಾಯಿತು. ಅದನ್ನು ಬರೆದದ್ದು ವರ್ಕರ್ ರೈಟ್ಸ್ ಕನ್ಸಾರ್ಷಿಯಂ. ಅದು ಅಮೆರಿಕದ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಸದಸ್ಯರಾಗಿರುವ ಸಂಸ್ಥೆ. ತಮ್ಮ ಲಾಂಛನವಿರುವ ಟೀ ಶರ್ಟು, ಟೋಪಿಗಳನ್ನು ಹೊಲಿಯುವ ಕಾರ್ಖಾನೆಗಳಲ್ಲಿ ಕಾರ್ಮಿಕರ ಹಕ್ಕುಗಳಿಗೆ ಧಕ್ಕೆಯಾಗುತ್ತಿದೆಯೆ ಎಂದು ವಿಶ್ವವಿದ್ಯಾಲಯಗಳ ಪರವಾಗಿ ತನಿಖೆ ಮಾಡುವುದು ಅದರ ಕೆಲಸ. ಆ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ 8ನೇ ಘಟಕದಲ್ಲಿ ವೇತನ ಹೆಚ್ಚಳ ಕೇಳಿ ಸಂಘಟಿತರಾಗಲು ಹೊರಟ ಕಾರ್ಮಿಕರ ಮೇಲೆ ಹಲ್ಲೆ, ಬೆದರಿಕೆ ನಡೆಯಿತೆಂದು ಅದರ ವರದಿ ದಾಖಲಿಸಿತು. ನಂತರ ಕಂಪನಿ ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದು, ಅಮಾನತಾಗಿದ್ದ ಕಾರ್ಮಿಕರನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡಿತು.

ಈ ಘಟನೆಯನ್ನು ತೋರಿಸಿ ಅಧ್ಯಯನವನ್ನು ಹುಸಿ ಎನ್ನುವುದು ಸರಿಯಲ್ಲ. ಬೇರೆ ಕಾಲದಲ್ಲಿ ಐದು ಕಾರ್ಖಾನೆಗಳಲ್ಲಿ ನಡೆದ ಪ್ರಯೋಗದ ಅಂಕಿಗಳು ಇದರಿಂದ ಬದಲಾಗುವುದಿಲ್ಲ. ನನ್ನ ಗಮನ ಇರುವುದು ಬೇರೆ ಕಡೆ. ಎರಡೂ ದಾಖಲೆಗಳ ಹಿಂದೆ ವಿಶ್ವವಿದ್ಯಾಲಯಗಳೇ ಇವೆ, ಎರಡರ ವಿಷಯವೂ ಒಂದೇ ನಗರದ ಒಂದೇ ಕಂಪನಿಯ ಕಾರ್ಮಿಕರ ಮಾತು. ಒಂದು, ಮಾತನಾಡಲು ಕಲಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂದಿತು. ಇನ್ನೊಂದು, ಕೂಲಿಯ ವಿಷಯಕ್ಕೆ ಬಾಯಿ ತೆರೆದವರಿಗೆ ಏನಾಯಿತು ಎಂದು ಬರೆಯಿತು. ಮೊದಲನೆಯದು ಕಾರ್ಖಾನೆಯ ಒಳಗಿನ ದಫ್ತರ ನೋಡಿ ಬರೆದದ್ದು, ಆಡಳಿತದ ಒಪ್ಪಿಗೆಯಿಲ್ಲದೆ ಅದು ಹುಟ್ಟುವಂತೆಯೇ ಇರಲಿಲ್ಲ. ಎರಡನೆಯದರ ಮೂಲ ಕಾರ್ಮಿಕರ ಹೇಳಿಕೆಗಳು, ಅದಕ್ಕೆ ಆಡಳಿತದ ಒಪ್ಪಿಗೆ ಬೇಕಿರಲಿಲ್ಲ. ಎಫಿಷಿಯೆನ್ಸಿ ದಫ್ತರದಲ್ಲಿ ಬೆದರಿಕೆಗೆ ಕಾಲಂ ಇರುವುದಿಲ್ಲ. ಕಂಪನಿಯ ಬಾಗಿಲಿನಿಂದ ಒಳಹೋದ ಸಂಶೋಧನೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಕೇಳುವ ಪ್ರಶ್ನೆಗಳು ಕಂಪನಿ ಸಹಿಸಬಲ್ಲ ಪ್ರಶ್ನೆಗಳ ವ್ಯಾಪ್ತಿಯಲ್ಲೇ ಇರುತ್ತವೆ. ಉತ್ತರ ಕಹಿಯಾಗಿರಬಹುದು, ಶೇ 0.5ರ ಹಾಗೆ, ಪ್ರಶ್ನೆಯನ್ನು ಮಾತ್ರ ಮೊದಲೇ ಇಬ್ಬರು ಕೂತು ಒಪ್ಪಿಕೊಂಡಿರುತ್ತಾರೆ. ಒಡಂಬಡಿಕೆಯಲ್ಲಿ ಸಹಿ ಹಾಕುವುದು ಇಬ್ಬರೇ, ಅಧ್ಯಯನದಲ್ಲಿ ದುಡಿಯುವುದು ಮೂರನೆಯವರು.

ಇಲ್ಲಿನವರಿಗೆ

ಬೆಂಗಳೂರು, ಮೈಸೂರು, ತುಮಕೂರು ವಿಶ್ವವಿದ್ಯಾಲಯಗಳ ವಾಣಿಜ್ಯ ಮತ್ತು ನಿರ್ವಹಣಾ ವಿಭಾಗಗಳಿಂದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಒಂದೆರಡು ಬಸ್ಸು ಬದಲಿಸಿದರೆ ತಲುಪಬಹುದು. ಆದರೂ ಆ ಲೈನುಗಳನ್ನು ಇಷ್ಟು ಆಳವಾಗಿ ಓದಿದ್ದು ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಮತ್ತು ಎಂಐಟಿ ಇರುವ ಕೇಂಬ್ರಿಜ್‌ನವರು. ಹಣ ಒಂದು ಕಾರಣ, ಅದನ್ನು ಅಲ್ಲಗಳೆಯಲಾಗದು. ಆದರೆ ಒಂದು ವರ್ಷದ ತರಬೇತಿ, ಅದರ ಮೇಲೆ ಎಂಟು ತಿಂಗಳ ಅಂಕಿ, ಪ್ರಕಟಣೆಗೆ ಇನ್ನೂ ವರ್ಷಗಳು ಎಂಬ ಲೆಕ್ಕ ನಮ್ಮ ಸೆಮಿಸ್ಟರಿಗೂ ಬಡ್ತಿಯ ಅಂಕಪಟ್ಟಿಗೂ ಒಗ್ಗುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ. ಸ್ಥಳೀಯ ವಿಭಾಗಗಳಿಗೆ ಇರುವ ಅನುಕೂಲವೊಂದು ಹೊರಗಿನವರಿಗೆ ಇಲ್ಲ: ಪಾಳಿ ಮುಗಿಸಿ ಬಾಡಿಗೆ ಮನೆಗೆ ಮರಳಿದ ಮಹಿಳೆಯ ಜೊತೆ ಕೂತು, ದುಭಾಷಿಯಿಲ್ಲದೆ, ಕಾರ್ಖಾನೆಯ ಗೇಟಿನ ಹೊರಗೆ ಮಾತನಾಡಬಹುದು.

ಅಂಥ ವಿಭಾಗವೊಂದು ನಾಳೆ ಕಂಪನಿಯ ಜೊತೆ ಕೂತು ಕರಾರು ಬರೆಯುವುದಾದರೆ, ಆಯ್ಕೆ ಲಾಟರಿಯಿಂದ, ಪ್ರಕಟಣೆಗೆ ತಡೆಯಿಲ್ಲ ಎಂಬ ಎರಡು ಷರತ್ತುಗಳನ್ನು ಈ ಪ್ರಕರಣದಿಂದ ಹಾಗೇ ತೆಗೆದುಕೊಳ್ಳಬಹುದು. ಮೂರನೆಯದಾಗಿ ನಾನು ಸೇರಿಸುವ ಷರತ್ತು, ಪ್ರಶ್ನೆಗಳನ್ನು ಗೊತ್ತುಮಾಡುವಾಗ ಕಾರ್ಮಿಕರ ಪ್ರತಿನಿಧಿಯೊಬ್ಬರು ಮೇಜಿನ ಸುತ್ತ ಕೂತಿರಬೇಕು ಎಂಬುದು. ನಾಲ್ಕನೆಯದು, ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಅದೇ ಲೈನುಗಳ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು, ಉತ್ಪಾದನೆ ಎಷ್ಟು ಏರಿತು ಎಂಬುದರ ಜೊತೆಗೆ ಕೂಲಿ ಎಷ್ಟು ಏರಿತು ಎಂಬುದನ್ನೂ.